ಷೇರಿನ ಚೀಟಿ ಯಾರ ಹೆಸರಿಗೆ?

ಎಲೆಕ್ಟ್ರಾನಿಕ್ ಸಿಟಿಯ ಇನ್ಫೋಸಿಸ್ ಆವರಣವನ್ನು ಕಂಡವರು ಈ ಸಂಗತಿಯನ್ನು ಸುಲಭಕ್ಕೆ ನಂಬಲಾರರು. 1993ರ ಫೆಬ್ರವರಿಯಲ್ಲಿ ಈ ಕಂಪನಿ ತನ್ನ ಷೇರನ್ನು 95 ರೂಪಾಯಿಗೆ ಸಾರ್ವಜನಿಕರ ಮುಂದಿಟ್ಟಾಗ ಕೊಳ್ಳುವವರೇ ಸಾಲದಾದರು! ಅಮೆರಿಕದ ಮಾರ್ಗನ್ ಸ್ಟ್ಯಾನ್ಲಿ ಸಂಸ್ಥೆ ಶೇಕಡಾ 13ರಷ್ಟು ಪಾಲು ಕೊಂಡು ನೀಡಿಕೆಯನ್ನು ದಡ ಸೇರಿಸಿತು. ಜೂನ್‌ನಲ್ಲಿ ಅದೇ ಷೇರು ಮಾರುಕಟ್ಟೆಯಲ್ಲಿ 145 ರೂಪಾಯಿಗೆ ವಹಿವಾಟು ಆರಂಭಿಸಿತು.

ಬೇಡಿಕೆ ಕಡಿಮೆಯಿದ್ದರೆ ಕೇಳಿದವರಿಗೆ ಕೇಳಿದಷ್ಟು ಷೇರು ಸಿಗುತ್ತದೆ. ಬೇಡಿಕೆ ಮಿತಿ ಮೀರಿದರೆ?

ಸೆಬಿ ನಿಯಮದಂತೆ 2 ಲಕ್ಷ ರೂಪಾಯಿಯವರೆಗೆ ಅರ್ಜಿ ಹಾಕುವವರು ಸಣ್ಣ ಹೂಡಿಕೆದಾರರು. ಇವರಿಗಾಗಿ ನೀಡಿಕೆಯ ಒಂದು ಭಾಗ ಮೀಸಲು. ಷೇರುಗಳನ್ನು ‘ಲಾಟ್’ ಎಂಬ ಕಟ್ಟುಗಳಲ್ಲಿ ಕೊಡಲಾಗುತ್ತದೆ. 2012ರಲ್ಲಿ ಬಂದ ಪದ್ಧತಿಯ ಪ್ರಕಾರ, ಮೊದಲು ಸಾಧ್ಯವಾದಷ್ಟು ಜನರಿಗೆ ಒಂದೊಂದು ಲಾಟ್ ಸಿಗಬೇಕು. ಲಾಟ್‌ಗಳಿಗಿಂತ ಅರ್ಜಿದಾರರೇ ಹೆಚ್ಚಾದರೆ ಕಂಪ್ಯೂಟರ್ ಚೀಟಿ ಎತ್ತುತ್ತದೆ.

ಒಂದು ಲೆಕ್ಕ ನೋಡೋಣ. ಲಾಟ್‌ಗಳು 10,000, ಸರಿಯಾದ ಅರ್ಜಿಗಳು 50,000. ಪೀಣ್ಯದ ಕಾರ್ಮಿಕನೊಬ್ಬ ಒಂದೇ ಲಾಟ್ ಕೇಳಿದ್ದಾನೆ. ವೈಟ್‌ಫೀಲ್ಡಿನ ಎಂಜಿನಿಯರ್ ಹತ್ತು ಲಾಟ್ ಕೇಳಿದ್ದಾರೆ. ಇಬ್ಬರಿಗೂ ಇರುವ ಸಂಭವನೀಯತೆ ಐದರಲ್ಲಿ ಒಂದೇ! ಗೆದ್ದರೂ ಸಿಗುವುದು ಒಂದೇ ಲಾಟ್. ಮೊದಲ ದಿನವೇ ಅರ್ಜಿ ಹಾಕಿದರೂ ಅವಕಾಶ ಹೆಚ್ಚದು.

ಅರ್ಜಿದಾರರು ಎಡವುವುದು ಬೇರೆಡೆ. ಒಂದೇ ಪ್ಯಾನ್ ಸಂಖ್ಯೆಯಲ್ಲಿ ಎರಡು ಅರ್ಜಿ ಹಾಕಿದರೆ ಎರಡೂ ತಿರಸ್ಕೃತವಾಗಬಹುದು. ಮನೆಯ ಇನ್ನೊಬ್ಬರು ಅವರದೇ ಪ್ಯಾನ್, ಡಿಮ್ಯಾಟ್ ಮತ್ತು ಬ್ಯಾಂಕ್ ಖಾತೆಯಿಂದ ಅರ್ಜಿ ಹಾಕಬಹುದು. ಬೆಲೆಯ ಶ್ರೇಣಿಯಲ್ಲಿ ಕಡಿಮೆ ಬೆಲೆ ನಮೂದಿಸಿ, ಅಂತಿಮ ಬೆಲೆ ಅದಕ್ಕಿಂತ ಹೆಚ್ಚಾದರೆ ಅರ್ಜಿ ಚೀಟಿಯ ಡಬ್ಬಿಯನ್ನೇ ಸೇರದು. ಆದ್ದರಿಂದ ‘ಕಟ್-ಆಫ್’ ಬೆಲೆಗೆ ಒಪ್ಪಿಗೆ ಸೂಚಿಸುವುದೇ ರೂಢಿ. ಹಿಂದೆ ಚೆಕ್ ಕೊಟ್ಟು ಮರುಪಾವತಿಗೆ ವಾರಗಟ್ಟಲೆ ಕಾಯಬೇಕಿತ್ತು. ಈಗ ಹಣ ಖಾತೆಯಲ್ಲೇ ತಡೆಹಿಡಿಯಲ್ಪಟ್ಟಿರುತ್ತದೆ. ಷೇರು ಸಿಗದಿದ್ದರೆ ತಡೆ ತೆರವಾಗುತ್ತದೆ.

ಚೀಟಿ ಎತ್ತುವುದು ಅದೃಷ್ಟದ ಮಾತು. ಕಂಪನಿ ಆರಿಸುವುದು ಹಾಗಲ್ಲ. 1993ರಲ್ಲಿ 9,500 ರೂಪಾಯಿ ಕೊಟ್ಟು ಕೊಂಡ ಇನ್ಫೋಸಿಸ್‌ನ 100 ಷೇರುಗಳು, ಬೋನಸ್ ಮತ್ತು ವಿಭಜನೆಗಳಿಂದ 2018ರ ಹೊತ್ತಿಗೆ 1,02,400 ಆದವು. ಅದೇ ದಶಕದಲ್ಲಿ ಜನರ ಹಣ ಪಡೆದು ವಿಳಾಸವಿಲ್ಲದೆ ಮಾಯವಾದ ಕಂಪನಿಗಳೂ ಇದ್ದವು. ನೂಕುನುಗ್ಗಲು ಯೋಗ್ಯತೆಯ ಗುರುತಲ್ಲ, ಖಾಲಿ ಸಾಲು ಅಯೋಗ್ಯತೆಯ ಗುರುತೂ ಅಲ್ಲ.

ಕಂಪನಿಯ ವಿವರಪತ್ರದಲ್ಲಿ ಸಾಲವೆಷ್ಟು, ಲಾಭವೆಷ್ಟು, ಸಂಗ್ರಹಿಸಿದ ಹಣ ಯಾವುದಕ್ಕೆ ಎಂಬುದೆಲ್ಲ ಇರುತ್ತದೆ. ಮನೆಮಂದಿ ಒಟ್ಟಿಗೆ ಕುಳಿತು ಅದನ್ನು ಓದಲಿ. ಮಕ್ಕಳ ಕಾಲೇಜು ಶುಲ್ಕಕ್ಕೆಂದು ಎತ್ತಿಟ್ಟ ಹಣ ಮಾತ್ರ ಈ ಡಬ್ಬಿಯ ಹತ್ತಿರ ಸುಳಿಯದಿರಲಿ.