ಪೆಪ್ಪರಮೆಂಟಿಗೂ ಒಂದು ಚರಿತ್ರೆ

ಹರಿಹರದ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರಲ್ಲಿ ಕಟ್ಟಿಸಿದನು. ದೊಡ್ಡವರ ದಾನಧರ್ಮಗಳನ್ನು ಕಲ್ಲು ನೆನಪಿನಲ್ಲಿಟ್ಟುಕೊಂಡಿದೆ. ಆದರೆ ಅದೇ ಊರಿನ ಸಂತೆಯಲ್ಲಿ ತಂದೆಯ ಬೆರಳು ಹಿಡಿದು ನಿಂತ ಬಾಲಕನು ಏನನ್ನು ಬಯಸಿದನು, ಅದಕ್ಕೆ ಏನನ್ನು ತೆತ್ತನು ಎಂಬುದನ್ನು ಯಾವ ಶಾಸನವೂ ಹೇಳದು.

ದಾವಣಗೆರೆಯ ಸೀಮೆ ಹತ್ತಿಯ ನೆಲ. ಕಟಾವಾದ ಹೊಲದಲ್ಲಿ ಉದುರಿ ಉಳಿದ ಹತ್ತಿಯನ್ನೋ ಶೇಂಗಾವನ್ನೋ ಆಯ್ದು, ಉಡಿಯಲ್ಲಿ ಕಟ್ಟಿ ಅಂಗಡಿಗೆ ಒಯ್ದರೆ, ಮಂಡಕ್ಕಿಯೋ ಪೆಪ್ಪರಮೆಂಟೋ ಕೈಗೆ ಬರುತ್ತಿತ್ತೆಂದು ಹಿರಿಯರು ಹೇಳುವುದುಂಟು. ತೂಕದಲ್ಲಿ ಯಾರಿಗೆ ಲಾಭವಾಯಿತೆಂಬುದನ್ನು ವಾಚಕರು ಊಹಿಸಬಲ್ಲರು. ವ್ಯಾಪಾರದ ಮೊದಲ ಪಾಠವನ್ನು ಹಳ್ಳಿಯ ಹುಡುಗನು ಶಾಲೆಯಲ್ಲಲ್ಲ, ಆ ಗಾಜಿನ ಭರಣಿಯ ಮುಂದೆ ಕಲಿತನು.

ಮುಂದೆ ದಾವಣಗೆರೆಯಲ್ಲಿ ಬಟ್ಟೆಗಿರಣಿಗಳೆದ್ದವು; ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪಿತವಾಯಿತು. ಕಾಳಿನ ಜಾಗಕ್ಕೆ ಕಾಸು ಬಂದಿತು. ಬಟವಾಡೆಯ ಸಂಜೆ ತಂದೆಯ ಜೇಬಿನಿಂದ ಹೊರಬರುವ ಕಾಗದದ ಪೊಟ್ಟಣವೇ ಮಕ್ಕಳಿಗೆ ಸಂಬಳದ ಅರ್ಥವಾಯಿತು.

ಈ ತಿನಿಸಿನ ಹೆಸರು ಪರದೇಶದ್ದು. ಪುದೀನದ ಕುಲದ ಈ ಗಿಡವನ್ನು ಇಂಗ್ಲೆಂಡಿನಲ್ಲಿ ಹದಿನೇಳನೆಯ ಶತಮಾನದ ಕೊನೆಯಲ್ಲಿ ಗುರುತಿಸಿದರು. ನಮ್ಮ ಹಳ್ಳಿಗರಾದರೋ ಪುದೀನದ ಸೋಂಕೇ ಇಲ್ಲದ ಸಕ್ಕರೆಯ ಗುಂಡನ್ನೂ ಪೆಪ್ಪರಮೆಂಟೆಂದೇ ಕರೆದು, ಪದವನ್ನು ತಮ್ಮದಾಗಿಸಿಕೊಂಡರು. ಸಕ್ಕರೆಯೂ ಬಹುಕಾಲ ಜಾವಾದಿಂದ ಬರುತ್ತಿತ್ತು. 1929ರಲ್ಲಿ ಮುಂಬಯಿಯ ಪಾರ್ಲೆಯಲ್ಲಿ ಸ್ವದೇಶಿ ಮಿಠಾಯಿಯ ಕಾರ್ಖಾನೆ ಆರಂಭವಾಯಿತು. 1932ರಲ್ಲಿ ಸಕ್ಕರೆಯ ಉದ್ಯಮಕ್ಕೆ ಶಾಸನದ ರಕ್ಷಣೆ ದೊರೆಯಿತು. 1933ರಲ್ಲಿ ಮಂಡ್ಯದ ಮೈಸೂರು ಸಕ್ಕರೆ ಕಂಪೆನಿ ಸ್ಥಾಪಿತವಾಯಿತು. ಮಗುವಿನ ನಾಲಗೆಯ ಮೇಲೆ ಕರಗಿದ ತುಣುಕಿಗೂ ನಾಡಿನ ಸ್ವಾವಲಂಬನೆಗೂ ಹೀಗೆ ನಂಟಿದೆ.

ನಮ್ಮ ಶಿಶುಸಾಹಿತ್ಯದ ಹಿರಿಯರು ಇಂಥ ಸಣ್ಣ ವಸ್ತುಗಳನ್ನು ಕಡೆಗಣಿಸಲಿಲ್ಲ. ಜಿ. ಪಿ. ರಾಜರತ್ನಂ ಅವರು ತಮ್ಮ ಮಕ್ಕಳ ಪದ್ಯಗಳಿಗೆ ‘ಕಡಲೆ ಪುರಿ’ ಎಂದೇ ಹೆಸರಿಟ್ಟರು. ಅನಂತರದ ಎಷ್ಟೋ ಕಥೆಗಳಲ್ಲಾದರೋ ಪೆಪ್ಪರಮೆಂಟು ಕೇವಲ ಬಹುಮಾನವಾಗಿಬಿಟ್ಟಿತು: ಸುಳ್ಳಾಡದ ಹುಡುಗನಿಗೆ ಒಂದು, ತಂಗಿಯೊಡನೆ ಹಂಚಿಕೊಂಡವನಿಗೆ ಎರಡು. ನೀತಿ ಉಳಿಯಿತು, ಹತ್ತಿಯ ಉಡಿ, ಅಂಗಡಿಯ ತಕ್ಕಡಿ, ಕೊಳ್ಳಲಾರದೆ ನೋಡುತ್ತ ನಿಂತ ಬಾಲಕ ಇವರೆಲ್ಲರೂ ಮಾಯವಾದರು. ಬಡತನವನ್ನು ಮರೆಮಾಡಿ ಮಕ್ಕಳಿಗೆ ನೀತಿ ಬೋಧಿಸುವುದು ಅರ್ಧಸತ್ಯವೇ ಸರಿ.

ಇಂದು ಗಿರಣಿಗಳು ಬಹುಮಟ್ಟಿಗೆ ನಿಂತಿವೆ. ಕಿರ್ಲೋಸ್ಕರ್ ಕಾರ್ಖಾನೆಯ ಬಾಗಿಲೂ ಮುಚ್ಚಿದೆ. 25 ಪೈಸೆ ಹಾಗೂ ಅದಕ್ಕಿಂತ ಕಿರಿಯ ನಾಣ್ಯಗಳು 2011ರ ಜೂನ್ 30ರ ಬಳಿಕ ಚಲಾವಣೆ ಕಳೆದುಕೊಂಡವು. ಚಿಲ್ಲರೆಗೆ ಬದಲಾಗಿ ಅಂಗಡಿಯವರು ಪೆಪ್ಪರಮೆಂಟು ಕೊಟ್ಟ ಕಾಲವೂ ದೂರ ಸರಿಯುತ್ತಿದೆ. ಆ ದಿನಗಳನ್ನು ಕಂಡ ಅಜ್ಜಅಜ್ಜಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಆದುದರಿಂದ ಈ ಎರಡು ಊರುಗಳ ಉಪಾಧ್ಯಾಯರಲ್ಲಿ ನಮ್ಮದೊಂದು ಬಿನ್ನಹ. ಪ್ರತಿಯೊಬ್ಬ ವಿದ್ಯಾರ್ಥಿಯೂ ಮನೆಯ ಹಿರಿಯರನ್ನು ಒಂದೇ ಪ್ರಶ್ನೆ ಕೇಳಿ ಬರೆದು ತರಲಿ: “ನೀವು ಮೊದಲ ಪೆಪ್ಪರಮೆಂಟನ್ನು ಏನು ಕೊಟ್ಟು ಕೊಂಡಿರಿ?” ಆ ಉತ್ತರಗಳಿಂದ ಒಳ್ಳೆಯ ಕಥೆಗಳೂ ಹುಟ್ಟಾವು, ಕಲ್ಲಿನಲ್ಲಿ ಬರೆಯದೆ ಉಳಿದ ಚರಿತ್ರೆಯೂ ದೊರೆತೀತು. ಖರ್ಚು ಒಂದು ಹಾಳೆ ಕಾಗದ ಮಾತ್ರ.