ತೇಗದ ಮರ: ಗುಣಲಕ್ಷಣಗಳು, ಉಪಯೋಗಗಳು ಹಾಗೂ ಸಾರ್ವಜನಿಕರಿಗೆ ಮಾಹಿತಿ

ಪರಿಚಯ

ತೇಗವು ಭಾರತ, ಮ್ಯಾನ್ಮಾರ್, ಥಾಯ್ಲೆಂಡ್ ಮತ್ತು ಲಾವೋಸ್ ದೇಶಗಳ ಎಲೆ ಉದುರುವ ಕಾಡುಗಳಲ್ಲಿ ಸ್ವಾಭಾವಿಕವಾಗಿ ಬೆಳೆಯುವ ಗಟ್ಟಿ ಮರವಾಗಿದೆ. ಇದರ ಸಸ್ಯಶಾಸ್ತ್ರೀಯ ಹೆಸರು ಟೆಕ್ಟೋನಾ ಗ್ರಾಂಡಿಸ್. ಇದನ್ನು ಸಾಗುವಾನಿ ಎಂದೂ ಕರೆಯಲಾಗುತ್ತದೆ. ಕರ್ನಾಟಕದ ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು, ಮೈಸೂರು ಮತ್ತು ಕೊಡಗು ಜಿಲ್ಲೆಗಳಲ್ಲಿ ಇದು ಕಂಡುಬರುತ್ತದೆ. ದಾಂಡೇಲಿ ಭಾಗದ ತೇಗವು ಹೆಸರುವಾಸಿಯಾಗಿದೆ. ಎಳೆಯ ಎಲೆಯನ್ನು ಅಂಗೈಯಲ್ಲಿ ಉಜ್ಜಿದಾಗ ಕೆಂಪು ಬಣ್ಣ ಹತ್ತುವುದು ಈ ಮರವನ್ನು ಗುರುತಿಸುವ ಸುಲಭ ಕ್ರಮ.

ಗುಣಲಕ್ಷಣಗಳು

ತೇಗದ ಮರಮುಟ್ಟಿನ ಬೆಲೆಯು ಅದರ ಚೇಗಿನಲ್ಲಿದೆ. ಕಾಂಡದ ಒಳಭಾಗದಲ್ಲಿರುವ ಹೊಂಬಣ್ಣ ಮಿಶ್ರಿತ ಕಂದು ಭಾಗವೇ ಚೇಗು. ಅದರ ಸುತ್ತಲಿನ ಮಾಸಲು ಬಿಳುಪಿನ ಭಾಗವು ಬಿಳಿಮರ. ಚೇಗಿನಲ್ಲಿರುವ ಎಣ್ಣೆಯಂಶ ಹಾಗೂ ಟೆಕ್ಟೋಕ್ವಿನೋನ್ ಮೊದಲಾದ ರಾಸಾಯನಿಕಗಳು ಗೆದ್ದಲು ಮತ್ತು ಶಿಲೀಂಧ್ರಗಳನ್ನು ದೂರವಿಡುತ್ತವೆ. ಬಿಳಿಮರಕ್ಕೆ ಈ ರಕ್ಷಣೆ ಇರುವುದಿಲ್ಲ. ಒಣಗಿದ ತೇಗವು ಘನ ಮೀಟರಿಗೆ ಸುಮಾರು 650 ಕಿಲೋಗ್ರಾಂ ತೂಗುತ್ತದೆ. ಬಲಕ್ಕೆ ಹೋಲಿಸಿದರೆ ಹಗುರ. ಒಣಗುವಾಗ ಕುಗ್ಗುವುದು, ಸೊಟ್ಟಗಾಗುವುದು ಅತ್ಯಲ್ಪ. ಮರದಲ್ಲಿರುವ ಸಿಲಿಕಾ ಅಂಶದಿಂದ ಗರಗಸ ಮತ್ತು ಉಳಿಗಳು ಬೇಗ ಮೊಂಡಾಗುತ್ತವೆ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯು ತೇಗದ ಗುಣಗಳನ್ನು 100 ಎಂದು ಪರಿಗಣಿಸಿ ಇತರ ಮರಗಳನ್ನು ಅದಕ್ಕೆ ಹೋಲಿಸುವ ಕ್ರಮವನ್ನು ರೂಪಿಸಿದೆ.

ಉಪಯೋಗಗಳು

ಬಾಗಿಲು, ಕಿಟಕಿ, ತೊಲೆ, ಪೀಠೋಪಕರಣ, ಕೆತ್ತನೆ ಹಾಗೂ ದೋಣಿ ನಿರ್ಮಾಣದಲ್ಲಿ ತೇಗವನ್ನು ಬಳಸಲಾಗುತ್ತದೆ. 1817ರಲ್ಲಿ ಮುಂಬಯಿಯಲ್ಲಿ ಮಲಬಾರಿನ ತೇಗದಿಂದ ನಿರ್ಮಿಸಿದ ಟ್ರಿಂಕೋಮಲಿ ಎಂಬ ಯುದ್ಧನೌಕೆಯು ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಇಂದಿಗೂ ನೀರಿನ ಮೇಲಿದೆ.

ಖರೀದಿದಾರರ ಗಮನಕ್ಕೆ

ತೇಗ ಎಂದು ಮಾರಾಟವಾಗುವ ಮರವೆಲ್ಲವೂ ಒಂದೇ ಬಾಳಿಕೆ ನೀಡುವುದಿಲ್ಲ. ಎಳೆಯ ಮರದಲ್ಲಿ ಬಿಳಿಮರದ ಪ್ರಮಾಣ ಹೆಚ್ಚು. ಅಂತಹ ಹಲಗೆಯಿಂದ ಮಾಡಿದ ಬಾಗಿಲ ಚೌಕಟ್ಟಿಗೆ ಗೆದ್ದಲು ಹಿಡಿದರೆ, ಜೀವಮಾನದಲ್ಲಿ ಒಮ್ಮೆ ಮನೆ ಕಟ್ಟುವ ಕುಟುಂಬದ ಹಣ ವ್ಯರ್ಥವಾಗುತ್ತದೆ. ಆದುದರಿಂದ ಬಣ್ಣ ಬಳಿಯುವ ಮುನ್ನವೇ ಹಲಗೆಯ ಅಂಚು ಮತ್ತು ತುದಿಗಳನ್ನು ಪರೀಕ್ಷಿಸುವುದು, ಚೆನ್ನಾಗಿ ಒಣಗಿ ಹದಗೊಂಡ ಮರವನ್ನೇ ಆರಿಸುವುದು ಹಾಗೂ ರಸೀದಿ ಪಡೆಯುವುದು ಸೂಕ್ತ.

ಬೆಳೆಗಾರರ ಗಮನಕ್ಕೆ

ಅರಣ್ಯ ನೆಡುತೋಪುಗಳಲ್ಲಿ ತೇಗವನ್ನು ಸಾಮಾನ್ಯವಾಗಿ 50ರಿಂದ 80 ವರ್ಷ ಬೆಳೆಸಿ ಕಟಾವು ಮಾಡುವುದು ರೂಢಿ. ನೀರು, ಗೊಬ್ಬರ ನೀಡಿದರೆ ಕಾಂಡವು ಬೇಗ ದಪ್ಪವಾದೀತು. ಆದರೆ ಚೇಗು ಬಲಿಯಲು ಕಾಲವೇ ಬೇಕು. ಕೆಲವೇ ವರ್ಷಗಳಲ್ಲಿ ಅಪಾರ ಆದಾಯದ ಭರವಸೆ ನೀಡುವ ಯೋಜನೆಗಳಲ್ಲಿ ಹಣ ತೊಡಗಿಸುವ ಮುನ್ನ ಈ ಅಂಶವನ್ನು ಪರಿಗಣಿಸತಕ್ಕದ್ದು. ಹೊಲದ ಬದುಗಳಲ್ಲಿ ನೆಟ್ಟ ತೇಗವು ಮುಂದಿನ ಪೀಳಿಗೆಗೆ ಕೂಡಿಟ್ಟ ಆಸ್ತಿಯೆಂದು ಭಾವಿಸುವುದು ಲೇಸು.

ಕಟಾವು ಮತ್ತು ಸಾಗಾಣಿಕೆ

ಸ್ವಂತ ಜಮೀನಿನಲ್ಲಿರುವ ತೇಗವನ್ನು ಕಡಿಯಲು ಸಹ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರಡಿ ವೃಕ್ಷ ಅಧಿಕಾರಿಯ ಪೂರ್ವಾನುಮತಿ ಅವಶ್ಯಕ. ಜಮೀನಿನ ದಾಖಲೆಗಳೊಂದಿಗೆ ಅರ್ಜಿ ಸಲ್ಲಿಸತಕ್ಕದ್ದು. ಬದಲಿ ಸಸಿ ನೆಡುವ ಷರತ್ತನ್ನು ವಿಧಿಸಬಹುದಾಗಿದೆ. ಸರ್ಕಾರದಿಂದ ಮಂಜೂರಾದ ಜಮೀನಾಗಿದ್ದಲ್ಲಿ, ಮಂಜೂರಾತಿಗೆ ಮುನ್ನವೇ ಇದ್ದ ಮರಗಳ ಹಕ್ಕು ಸರ್ಕಾರದಲ್ಲಿಯೇ ಉಳಿದಿರುವುದುಂಟು. ಆದ್ದರಿಂದ ಅರ್ಜಿದಾರರು ಮಂಜೂರಾತಿ ಆದೇಶದ ಷರತ್ತುಗಳನ್ನು ಮೊದಲೇ ಪರಿಶೀಲಿಸುವುದು. ಕಡಿದ ಮರವನ್ನು ಸಾಗಿಸಲು ಪ್ರತ್ಯೇಕ ರಹದಾರಿ ಪಡೆಯತಕ್ಕದ್ದು. ರಹದಾರಿ ಇಲ್ಲದೆ ಸಾಗಿಸಿದಲ್ಲಿ ಮರಮುಟ್ಟಿನೊಂದಿಗೆ ವಾಹನವೂ ಜಪ್ತಿಗೆ ಒಳಗಾಗಬಹುದು. ಹೆಚ್ಚಿನ ವಿವರಗಳಿಗೆ ಸಮೀಪದ ವಲಯ ಅರಣ್ಯಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದಾಗಿದೆ.