ಅಕ್ಕನ ಚೀಟಿ ದುಡ್ಡು, ನನ್ನ ಎಡಿಟಿಂಗ್ ಕಂಪ್ಯೂಟರು!

ಪರದೆಯ ಮೇಲೆ ನಾಯಕ ಕೈ ಬೀಸಿದ ಕೂಡಲೇ ಖಳನಾಯಕ ಹತ್ತಡಿ ದೂರ ಹೋಗಿ ಬಿದ್ದರೆ ನೀವು ಶಿಳ್ಳೆ ಹೊಡೆಯುತ್ತೀರಿ. ಆ ಶಿಳ್ಳೆಯಲ್ಲಿ ಅರ್ಧ ಪಾಲು ನಾಯಕನಿಗೆ, ಕಾಲು ಪಾಲು ಫೈಟ್ ಮಾಸ್ಟರಿಗೆ. ಉಳಿದ ಕಾಲು? ಕತ್ತಲೆ ಕೋಣೆಯಲ್ಲಿ ಕೂತು, ಏಟು ಬೀಳುವ ಎರಡು ಫ್ರೇಮ್ ಮುಂಚೆ ಸರಿಯಾಗಿ ಕತ್ತರಿ ಹಾಕಿದ ಒಬ್ಬ ಬಡಪಾಯಿಗೆ ಸೇರಬೇಕು. ಅವನೇ ಎಡಿಟರ್!

ನಾನು ಆ ಎಡಿಟರಿಗೆ ಅಸಿಸ್ಟೆಂಟು. ಗಾಂಧಿನಗರದ ಆಸುಪಾಸಿನಲ್ಲಿ ಆರು ವರ್ಷ ಬೇರೆಯವರ ಕಂಪ್ಯೂಟರಿನ ಮುಂದೆ ಕೂತು ಬೇರೆಯವರ ಚಿತ್ರ ಕತ್ತರಿಸಿದವನು. ಬಾಡಿಗೆ ಕಟ್ಟಲು ಮದುವೆ ವಿಡಿಯೋ, ನಾಮಕರಣದ ವಿಡಿಯೋ. 2025ರ ಡಿಸೆಂಬರಿನಲ್ಲಿ, ಎಡಿಟಿಂಗಿಗೆ ಅಂತಲೇ ನನ್ನದೇ ಹೊಸ ಕಂಪ್ಯೂಟರ್ ಒಂದನ್ನು ಕೊಂಡೆ. ಅದರ ಕತೆ ಇದು. ಹೀರೋಯಿನ್ ಇಲ್ಲ, ಫೈಟ್ ಇಲ್ಲ. ಆದರೆ ಚೌಕಾಸಿ ಇದೆ, ಸ್ವಲ್ಪ ಕಣ್ಣೀರೂ ಇದೆ…

ಹೋದದ್ದು ನಲವತ್ತು ನಿಮಿಷ

ಮೊದಲು ಕಣ್ಣೀರಿನ ಭಾಗ ಮುಗಿಸಿಬಿಡುತ್ತೇನೆ.

ನನ್ನ ಗೆಳೆಯನೊಬ್ಬನ ತಂದೆ ಟೂರಿಂಗ್ ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದವರು. ಕಾರ್ಬನ್ ಕಡ್ಡಿ ಉರಿಸಿ ಚಿತ್ರ ತೋರಿಸಿದ ಕಾಲದವರು. ರೀಲು ತುಂಡಾದರೆ ಟೆಂಟಿನಲ್ಲಿ ಗಲಾಟೆ ಏಳುವ ಮೊದಲೇ ಅಂಟಿಸಿ ಓಡಿಸುತ್ತಿದ್ದ ಕೈ ಅವರದು. 2022ರಲ್ಲಿ ಅವರನ್ನು ಮನೆ ಜಗಲಿಯ ಮೇಲೆ ಕೂರಿಸಿ ನಲವತ್ತು ನಿಮಿಷ ಮಾತಾಡಿಸಿ ಶೂಟ್ ಮಾಡಿದೆವು. ಕಿರುಚಿತ್ರ ಮಾಡುವ ಆಸೆ.

ಆಗ ನನ್ನ ಹತ್ತಿರ ಇದ್ದದ್ದು ಸೆಕೆಂಡ್ ಹ್ಯಾಂಡ್ ಡಬ್ಬ. ಒಂದೇ ಹಾರ್ಡ್ ಡಿಸ್ಕು. ಎಲ್ಲವನ್ನೂ ಅದರೊಳಗೇ ತುಂಬಿ, ಕ್ಯಾಮೆರಾದ ಕಾರ್ಡ್ ಅಳಿಸಿ, ಮರುದಿನ ಮದುವೆಗೆ ಒಯ್ದೆ. ಹದಿನೈದು ದಿನ ಕಳೆದಿರಲಿಲ್ಲ. ಒಂದು ಸಂಜೆ ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು. ಡಿಸ್ಕು ಕಟಕಟ ಎಂದು ಸದ್ದು ಮಾಡಿ ಸುಮ್ಮನಾಯಿತು. ರಿಪೇರಿಯವರು ನೋಡಿ ತಲೆ ಅಲ್ಲಾಡಿಸಿದರು.

“ಹೋಗ್ಲಿ ಬಿಡೋ, ಮತ್ತೆ ತೆಗೆದ್ರಾಯ್ತು” ಅಂದ ಗೆಳೆಯ. ಮತ್ತೆ ತೆಗೆಯಲಿಲ್ಲ. ಆ ಆಷಾಢದಲ್ಲಿ ಯಜಮಾನರು ತೀರಿಕೊಂಡರು.

ಇವತ್ತಿಗೂ ಆ ಗೆಳೆಯ ನನಗೆ ಒಂದು ಮಾತು ಅಂದಿಲ್ಲ. ಅಂದಿದ್ದರೆ ವಾಸಿಯಿತ್ತು.

“ಯಾವ ಬಟ್ಟೆ ಹೊಲೀತೀಯೋ?”

ಮೂರು ವರ್ಷ ದುಡಿದು ನಾನು ನಲವತ್ತೈದು ಸಾವಿರ ಕೂಡಿಟ್ಟೆ. ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ ಮಾಡುವ ನಮ್ಮಕ್ಕ ಚೀಟಿ ಎತ್ತಿ ಎಂಬತ್ತು ಸಾವಿರ ಮುಂದಿಟ್ಟಳು. ಒಟ್ಟು 1,25,000. ನಾನು ಆಗಲೇ ದೊಡ್ಡ ಪಟ್ಟಿ ಬರೆದಿಟ್ಟಿದ್ದೆ. ಯೂಟ್ಯೂಬಿನಲ್ಲಿ ಯಾರೋ ಹೇಳಿದ ಅತಿ ದೊಡ್ಡ ಪ್ರೊಸೆಸರು, ಅತಿ ದೊಡ್ಡ ಗ್ರಾಫಿಕ್ಸ್ ಕಾರ್ಡು, ಗಾಜಿನ ಕ್ಯಾಬಿನೆಟ್ಟು…

ಅಕ್ಕ ಪಟ್ಟಿ ನೋಡಿ ಕೇಳಿದಳು:

“ಲೋ, ನಮ್ ಫ್ಯಾಕ್ಟ್ರೀಲಿ ಹೊಸ ಮೆಷಿನ್ ತರೋಕ್ ಮುಂಚೆ ಏನ್ ಕೇಳ್ತಾರೆ ಗೊತ್ತಾ? ಯಾವ ಬಟ್ಟೆ ಹೊಲೀಬೇಕು ಅಂತ. ಜೀನ್ಸ್ ಹೊಲಿಯೋ ಮೆಷಿನ್‌ಗೆ ರೇಷ್ಮೆ ಕೊಟ್ರೆ ಕೆಟ್ಟೋಗುತ್ತೆ. ನೀನು ಯಾವ ಬಟ್ಟೆ ಹೊಲೀತೀಯ?”

ಆರು ವರ್ಷ ಎಡಿಟಿಂಗ್ ರೂಮಿನಲ್ಲಿ ಕೂತರೂ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ ಸ್ವಾಮಿ!

ನನ್ನ ಬಟ್ಟೆ ಯಾವುದು? ಮೊಬೈಲಿನಲ್ಲೂ ಮಿರರ್‌ಲೆಸ್ ಕ್ಯಾಮೆರಾದಲ್ಲೂ ತೆಗೆದ 4ಕೆ ವಿಡಿಯೋ. ಹೆಚ್ಚಿನದು ಎಚ್.264 ಮತ್ತು ಎಚ್.265 ಎಂಬ ಜಾತಿಯ ಫೈಲು. ಇದರ ಗುಟ್ಟು ಕೇಳಿ. ಹಳೇ 35 ಎಂ.ಎಂ. ಫಿಲ್ಮಿನಲ್ಲಿ ಅಡಿಗೆ 16 ಫ್ರೇಮು, ಪ್ರತಿಯೊಂದೂ ಪೂರ್ತಿ ಚಿತ್ರ. ಸೆಕೆಂಡಿಗೆ 24ರಂತೆ ಓಡಿದರೆ ಸಾವಿರ ಅಡಿಯ ರೀಲು ಹನ್ನೊಂದು ನಿಮಿಷದಲ್ಲಿ ಖಾಲಿ. ಎಲ್ಲಿ ಬೇಕಾದರೂ ಬೆಳಕಿಗೆ ಹಿಡಿದು ನೋಡಬಹುದಿತ್ತು. ಈಗಿನ ಫೈಲಿನಲ್ಲಿ ಹಾಗಲ್ಲ. ಪೂರ್ತಿ ಚಿತ್ರ ಆಗೊಂದು ಈಗೊಂದು. ನಡುವೆ ಇರುವುದು “ಏನು ಬದಲಾಯಿತು” ಎಂಬ ಲೆಕ್ಕ ಮಾತ್ರ. ನೀವು ನಡುವಿನ ಫ್ರೇಮಿಗೆ ಕತ್ತರಿ ಹಾಕಲು ಹೋದರೆ ಕಂಪ್ಯೂಟರು ಹಿಂದಕ್ಕೆ ಓಡಿ, ಲೆಕ್ಕ ಕೂಡಿಸಿ, ಚಿತ್ರ ಕಟ್ಟಿ ತರಬೇಕು. ಫೈಲು ಚಿಕ್ಕದು, ಕೆಲಸ ದೊಡ್ಡದು! ಅದಕ್ಕೇ ಟೈಮ್‌ಲೈನು ಎತ್ತಿನಗಾಡಿಯ ಹಾಗೆ ಕುಲುಕುವುದು.

ಈ ಲೆಕ್ಕ ಬಿಡಿಸಲೆಂದೇ ಇಂಟೆಲ್ ಪ್ರೊಸೆಸರಿನ ಒಳಗಿನ ಗ್ರಾಫಿಕ್ಸ್ ಭಾಗದಲ್ಲಿ ಕ್ವಿಕ್ ಸಿಂಕ್ ಎಂಬ ವ್ಯವಸ್ಥೆ ಇದೆ. ಮಿರರ್‌ಲೆಸ್ ಕ್ಯಾಮೆರಾಗಳು ಕೊಡುವ 10 ಬಿಟ್, 4:2:2 ಬಣ್ಣದ ಎಚ್.265 ಫೈಲನ್ನು 11ನೇ ತಲೆಮಾರಿನಿಂದೀಚಿನ ಈ ಗ್ರಾಫಿಕ್ಸ್ ಭಾಗ ನೇರವಾಗಿ ಬಿಡಿಸುತ್ತದೆ. ಎನ್‌ವಿಡಿಯಾ ಕಾರ್ಡುಗಳಿಗೆ ಆ ವಿದ್ಯೆ ಬಂದದ್ದು 2025ರ 50 ಸರಣಿಯಲ್ಲಿ. ಒಂದು ಎಚ್ಚರಿಕೆ: ಇಂಟೆಲ್ ಹೆಸರಿನ ಕೊನೆಗೆ “ಎಫ್” ಅಕ್ಷರ ಇದ್ದರೆ ಒಳಗಿನ ಗ್ರಾಫಿಕ್ಸ್ ಇಲ್ಲ ಎಂದರ್ಥ. ಸ್ವಲ್ಪ ಅಗ್ಗ ಸಿಗುತ್ತದೆ ಎಂದು ಎಫ್ ತಂದವರು ಈ ಸವಲತ್ತನ್ನು ಅಂಗಡಿಯಲ್ಲೇ ಬಿಟ್ಟು ಬಂದ ಹಾಗೆ.

ಬಣ್ಣದ ಲೈಟಿನ ಬಲೆ

ಟೌನ್ ಹಾಲ್ ಹತ್ತಿರ ಬಸ್ಸಿಳಿದು ಎಸ್.ಪಿ. ರಸ್ತೆಗೆ ನಡೆದೆ. ಸಾದರ ಪತ್ರಪ್ಪ ರಸ್ತೆ ಎಂದರೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಂತೆ. ಕೈಗಾಡಿ, ಸ್ಕೂಟರು, ರಟ್ಟಿನ ಪೆಟ್ಟಿಗೆ, ಕಾಫಿ ಹುಡುಗರು… ಎಲ್ಲರೂ ಒಂದೇ ಗಲ್ಲಿಯಲ್ಲಿ!

ಮೊದಲ ಅಂಗಡಿಯಲ್ಲೇ ಬಲೆ ಬಿತ್ತು. ಗಾಜಿನ ಪೆಟ್ಟಿಗೆ, ಒಳಗೆ ಕೆಂಪು ಹಸಿರು ನೀಲಿ ಲೈಟು. ಡಿಸ್ಕೋ ಹಾಡಿನ ಸೆಟ್ಟೇ ಸರಿ.

“ತಗೊಳ್ಳಿ ಅಣ್ಣಾ, ಗೇಮಿಂಗ್ ಪೀಸು. ಎಡಿಟಿಂಗ್ ಅಂತೂ ಬೆಣ್ಣೆ ಥರ.”

“ಒಳಗೆ ಏನೇನಿದೆ ತೋರ್ಸು.”

ತೋರಿಸಿದ. 16 ಜಿ.ಬಿ. ಮೆಮೊರಿ, ಅದೂ ಒಂದೇ ಕಡ್ಡಿ. 512 ಜಿ.ಬಿ. ಎಸ್.ಎಸ್.ಡಿ. ಪವರ್ ಸಪ್ಲೈ ಮೇಲೆ ಹೆಸರೇ ಇಲ್ಲ. “ಅದನ್ನ ಯಾರ್ ನೋಡ್ತಾರಣ್ಣಾ?” ಅಂದ.

ನಾನು ನೋಡುತ್ತೇನೆ ತಮ್ಮಾ! ಕರೆಂಟು ಆಡಿದ ಒಂದು ಸಂಜೆ ನನ್ನ ಕೈಯಿಂದ ಏನು ಹೋಯಿತು ಅಂತ ನನಗೆ ಗೊತ್ತು.

ಲೆಕ್ಕ ನೀವೇ ಹಾಕಿ. ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ ತೆಗೆದ ವಿಡಿಯೋ ಒಂದು ಗಂಟೆಗೆ 45 ಜಿ.ಬಿ. ಆಗುತ್ತದೆ. ಮದುವೆ ಮನೆಯಲ್ಲಿ ಎರಡು ಕ್ಯಾಮೆರಾ ಮೂರು ಮೂರು ಗಂಟೆ ಓಡಿದರೆ 270 ಜಿ.ಬಿ. ವಿಂಡೋಸು, ಸಾಫ್ಟ್‌ವೇರು ಕೂತ ಮೇಲೆ 512ರ ಡಿಸ್ಕಿನಲ್ಲಿ ಒಂದು ಮದುವೆಗೇ ಉಸಿರು ಕಟ್ಟುತ್ತದೆ. ಎರಡನೇ ಜೋಡಿ ಬೀದಿಯಲ್ಲಿ ನಿಲ್ಲಬೇಕು!

ಇಂಟರ್‌ವಲ್ ಟ್ವಿಸ್ಟು

ಬಿಡಿ ಬಿಡಿಯಾಗಿ ಕೊಂಡು ಜೋಡಿಸುವುದೆಂದು ತೀರ್ಮಾನಿಸಿ ಇನ್ನೊಂದು ಅಂಗಡಿಗೆ ಹೋದೆ. ನನ್ನ ಪಟ್ಟಿಯಲ್ಲಿ 64 ಜಿ.ಬಿ. ಡಿ.ಡಿ.ಆರ್.5 ಮೆಮೊರಿ ಇತ್ತು. ಬೆಲೆ ಕೇಳಿ ಕೂತುಬಿಟ್ಟೆ. ಕೆಲವು ತಿಂಗಳ ಹಿಂದೆ ವಿಚಾರಿಸಿದ್ದ ಬೆಲೆಯ ಎರಡು ಪಟ್ಟಿಗೂ ಮೇಲೆ!

ಅಂಗಡಿಯವರು ಹಿರಿಯರು. “ಎಲ್ಲಾ ಎ.ಐ. ಮಹಿಮೆ ಕಣಪ್ಪಾ” ಅಂದರು. ನಿಜವೇ. ಎ.ಐ. ನಡೆಸುವ ದೊಡ್ಡ ದೊಡ್ಡ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಸಾರಾಸಗಟಾಗಿ ಕೊಳ್ಳಲು ನಿಂತವು; ಚಿಪ್ ಮಾಡುವವರು ಅವರ ಕಡೆಗೇ ತಿರುಗಿದರು. 2025ರ ಕೊನೆಯ ತಿಂಗಳುಗಳಲ್ಲಿ ಜಗತ್ತಿನಾದ್ಯಂತ ಬೆಲೆ ಏರಿತು. ಎಲ್ಲೋ ದೂರದ ದೊಡ್ಡವರ ಜಗಳ, ಎಸ್.ಪಿ. ರಸ್ತೆಯಲ್ಲಿ ನಮ್ಮಕ್ಕನ ಚೀಟಿ ದುಡ್ಡಿಗೆ ಪೆಟ್ಟು!

ಅಕ್ಕನಿಗೆ ಫೋನ್ ಮಾಡಿದೆ. “ಇನ್ನೂ ಇಪ್ಪತ್ತು ಸಾವಿರ ಬೇಕೇನೋ?” ಅಂದಳು. ಆ ದನಿಯಲ್ಲಿದ್ದ ಹೆದರಿಕೆ ಕೇಳಿ ನನ್ನ ಪಟ್ಟಿ ತಾನೇ ಚಿಕ್ಕದಾಯಿತು. “ಬೇಡ ಅಕ್ಕಾ. ಸಾಲುತ್ತೆ” ಅಂದೆ.

ಸಾಲಿಸಿದ್ದು ಹೀಗೆ. 64ರ ಬದಲು 32 ಜಿ.ಬಿ.; ಆದರೆ 16ರ ಎರಡು ಕಡ್ಡಿ, ಜೋಡಿಯಾಗಿದ್ದರೆ ಮೆಮೊರಿ ವೇಗವಾಗಿ ಓಡುತ್ತದೆ. ಮದರ್‌ಬೋರ್ಡಿನಲ್ಲಿ ನಾಲ್ಕು ಜಾಗ ಇರುವುದನ್ನೇ ಆರಿಸಿದೆ. ಬೆಲೆ ಇಳಿದ ದಿನ ಉಳಿದೆರಡು ತುಂಬಬಹುದು. ಪ್ರೊಸೆಸರು ಎಫ್ ಇಲ್ಲದ ಕೋರ್ ಅಲ್ಟ್ರಾ 5. ಗ್ರಾಫಿಕ್ಸ್ ಕಾರ್ಡು 8 ಜಿ.ಬಿ.ಯದು, ಬಣ್ಣ ತಿದ್ದುವ ಕೆಲಸವೇ ಹೆಚ್ಚಿದ್ದರೆ 12 ಅಥವಾ 16 ಬೇಕು, ನನ್ನದು ಹೆಚ್ಚಾಗಿ ಕತ್ತರಿ ಕೆಲಸ. ಹೊಸ ಮಾನಿಟರನ್ನು ಪಟ್ಟಿಯಿಂದ ಹೊಡೆದುಹಾಕಿದೆ. ಹಳೆಯದೇ ಇರಲಿ.

“ಹಾಗಾದ್ರೆ ಆ್ಯಪಲ್ ಮ್ಯಾಕ್ ಮಿನಿ ತಗೋಬಹುದಿತ್ತಲ್ಲ?” ಎಂದು ಗೆಳೆಯರು ಕೇಳಿದರು. ಒಳ್ಳೆಯ ಪೆಟ್ಟಿಗೆ, ಈ ಫೈಲುಗಳನ್ನು ಸಲೀಸಾಗಿ ಓಡಿಸುತ್ತದೆ, ಕರೆಂಟೂ ಕಡಿಮೆ. ಆದರೆ ಕೊಳ್ಳುವಾಗ ಎಷ್ಟು ಮೆಮೊರಿಯೋ ಕೊನೆಯವರೆಗೂ ಅಷ್ಟೇ, ಆಮೇಲೆ ಸೇರಿಸುವಂತಿಲ್ಲ. ನನ್ನಂಥ ಕಂತಿನ ಕಲಾವಿದನಿಗೆ ಅದು ಆಗಿಬರುವುದಿಲ್ಲ.

ಕಾಣದ ಜಾಗಕ್ಕೆ ದುಡ್ಡು

ಮಿಕ್ಕ ದುಡ್ಡು ಯಾರ ಕಣ್ಣಿಗೂ ಕಾಣದ ಜಾಗಕ್ಕೆ ಹೋಯಿತು. ಹೆಸರಿರುವ, 80 ಪ್ಲಸ್ ಗುರುತಿರುವ ಪವರ್ ಸಪ್ಲೈ. ಕರೆಂಟು ಹೋದರೆ ಕೆಲಸ ಉಳಿಸಿ ಆರಿಸುವಷ್ಟು ಸಮಯ ಕೊಡುವ ಯು.ಪಿ.ಎಸ್. 1 ಟಿ.ಬಿ. ಎನ್‌ವಿಎಂಇ ಎಸ್.ಎಸ್.ಡಿ. ಒಂದು, ಜೊತೆಗೆ ಕಾಪಿಗೆ ಅಂತ 4 ಟಿ.ಬಿ.ಯ ಹಾರ್ಡ್ ಡಿಸ್ಕು. ಕ್ಯಾಬಿನೆಟ್ಟು ಕರೀ ತಗಡಿನದು. ಒಂದೂ ಲೈಟಿಲ್ಲ!

“ಬಿಲ್ ಇಲ್ದೆ ಆದ್ರೆ ಕಮ್ಮಿ ಮಾಡ್ಕೊಡ್ತೀನಿ” ಅಂದವರೂ ಆ ರಸ್ತೆಯಲ್ಲಿ ಸಿಕ್ಕರು. ಜಿ.ಎಸ್.ಟಿ. ಶೇಕಡಾ 18 ಎಂದರೆ ಹೊಟ್ಟೆ ಉರಿಯುವುದು ಸಹಜ. ಆದರೆ ನಾಳೆ ಒಂದು ಬಿಡಿಭಾಗ ಕೆಟ್ಟರೆ ವಾರಂಟಿ ಕೇಳಲು ಬಿಲ್ಲೇ ಸಾಕ್ಷಿ. ಪ್ರತಿಯೊಂದರ ಸೀರಿಯಲ್ ನಂಬರ್ ಬರೆಸಿ ಬಿಲ್ ತಗೊಂಡೆ. ಪೆನ್ ಡ್ರೈವಿನಲ್ಲಿ ನನ್ನದೇ ಕ್ಯಾಮೆರಾ ಫೈಲು ಒಯ್ದಿದ್ದೆ. ಜೋಡಿಸಿದ ಮೇಲೆ ಅಂಗಡಿಯಲ್ಲೇ ಓಡಿಸಿ ನೋಡಿದೆ. ಕುಲುಕಲಿಲ್ಲ!

“ಅಷ್ಟು ದುಡ್ಡು ನಮ್ಮ ಹತ್ರ ಎಲ್ಲಿದೆ ಗುರೂ?” ಅನ್ನುವವರಿಗೆ ಒಂದು ಹಳೇ ಉಪಾಯ ಹೇಳುತ್ತೇನೆ. ಫಿಲ್ಮಿನ ಕಾಲದಲ್ಲಿ ಎಡಿಟರು ನೆಗೆಟಿವ್ ಮುಟ್ಟುತ್ತಿರಲಿಲ್ಲ. ರಷ್ ಪ್ರಿಂಟ್ ಹಾಕಿಸಿ ಅದನ್ನೇ ಕತ್ತರಿಸಿ, ಎಲ್ಲ ಮುಗಿದ ಮೇಲೆ ಅಂಚಿನ ನಂಬರು ನೋಡಿ ನೆಗೆಟಿವ್ ಕತ್ತರಿಸುತ್ತಿದ್ದರು. ಇವತ್ತಿನ ಪ್ರಾಕ್ಸಿ ಅಂದರೆ ಅದೇ! ಭಾರದ 4ಕೆ ಫೈಲಿನಿಂದ ಹಗುರ ನಕಲು ಮಾಡಿ, ನಕಲಿನ ಮೇಲೆ ಕತ್ತರಿ ಆಡಿಸಿ, ಕೊನೆಗೆ ಅಸಲಿಗೆ ಜೋಡಿಸುವುದು. ಐದಾರು ವರ್ಷದ ಹಳೇ ಕಂಪ್ಯೂಟರೂ ಇದರಿಂದ ಚಿತ್ರ ಮುಗಿಸುತ್ತದೆ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೇ 4ಕೆ ಚಿತ್ರ ಹೊರತೆಗೆಯಬಹುದು. ಕೆಲವು ಕ್ಯಾಮೆರಾ ಫೈಲುಗಳಿಗೆ ದುಡ್ಡಿನ ಆವೃತ್ತಿ ಬೇಕು, ಆದ್ದರಿಂದ ಮೊದಲು ನಿಮ್ಮ ಫೈಲು ಹಾಕಿ ನೋಡಿ. ಆಮೇಲೆ ಎಸ್.ಪಿ. ರಸ್ತೆಗೆ ಬನ್ನಿ.

ಅಂದ ಹಾಗೆ, ಯಂತ್ರ ಯಾರನ್ನೂ ಎಡಿಟರ್ ಮಾಡುವುದಿಲ್ಲ. 2022ರ “ಕೆ.ಜಿ.ಎಫ್. ಚಾಪ್ಟರ್ 2” ಚಿತ್ರದ ಸಂಕಲನಕಾರ ಉಜ್ವಲ್ ಕುಲಕರ್ಣಿ, ಯೂಟ್ಯೂಬಿಗಾಗಿ ಅಭಿಮಾನದ ವಿಡಿಯೋ ತುಣುಕುಗಳನ್ನು ಕತ್ತರಿಸುತ್ತಿದ್ದ ಹುಡುಗ. ಕತ್ತರಿಯ ಓಟ ನೋಡಿ ಅವಕಾಶ ಬಂತು. 2023ರಲ್ಲಿ ಸಂಕಲನದ ಆಸ್ಕರ್ ಗೆದ್ದ “ಎವೆರಿಥಿಂಗ್ ಎವೆರಿವೇರ್ ಆಲ್ ಅಟ್ ಒನ್ಸ್” ಚಿತ್ರವನ್ನು ಪಾಲ್ ರೋಜರ್ಸ್ ಕತ್ತರಿಸಿದ್ದು ನಾವು ಮದುವೆ ವಿಡಿಯೋಗೆ ಬಳಸುವ ಅದೇ ಅಡೋಬಿ ಪ್ರೀಮಿಯರ್‌ನಲ್ಲಿ. ಏನಂತೀರಿ?

ಮೂರು ನಿಮಿಷ

ಮನೆಗೆ ತಂದ ರಾತ್ರಿ ಮೊದಲು ಯಾವ ಚಿತ್ರ ಕತ್ತರಿಸಲಿ ಎಂದು ಯೋಚಿಸಬೇಕಾಗಿ ಬರಲಿಲ್ಲ. ಗೆಳೆಯನ ಹಳೇ ಮೊಬೈಲಿನಲ್ಲಿ, ಆ ಶೂಟಿಂಗ್ ದಿನ ಸುಮ್ಮನೆ ತೆಗೆದ ತುಣುಕೊಂದು ಉಳಿದಿತ್ತು. ಮೂರು ನಿಮಿಷ. ಅಲುಗಾಡುತ್ತದೆ, ಹಿಂದೆ ಕೋಳಿ ಕೂಗುತ್ತದೆ. ಯಜಮಾನರು ಎರಡು ಬೆರಳಿನ ನಡುವೆ ಇಲ್ಲದ ಫಿಲ್ಮನ್ನು ಹಿಡಿದು, ತುಂಡಾದ ರೀಲನ್ನು ಹೇಗೆ ಅಂಟಿಸುವುದೆಂದು ತೋರಿಸುತ್ತಾರೆ.

ನಾನು ಎಲ್ಲಿಯೂ ಕತ್ತರಿ ಹಾಕಲಿಲ್ಲ. ಸದ್ದು ಸರಿಮಾಡಿದೆ, ಕೊನೆಗೆ ಹೆಸರು ಹಾಕಿದೆ, ಅಷ್ಟೇ. ಗೆಳೆಯ ಬಂದು ಎರಡು ಸಲ ನೋಡಿ, ಮಾತಾಡದೆ ಟೀ ಕುಡಿದು ಹೋದ.

ಕೆಲಸ ಮುಗಿಸಿ ಬಂದ ಅಕ್ಕ ಕರೀ ಡಬ್ಬವನ್ನು ಸುತ್ತಲೂ ನೋಡಿದಳು. “ಇದಕ್ಕೇನೋ ಒಂದೂಕಾಲು ಲಕ್ಷ? ಒಂದು ಲೈಟೂ ಇಲ್ಲ!” ಅಂದಳು. ಆಮೇಲೆ ಆ ಮೂರು ನಿಮಿಷ ನೋಡಿದಳು. ನೋಡಿ ಮುಗಿಸಿ ಒಂದೇ ಪ್ರಶ್ನೆ:

“ಎಷ್ಟು ಕಾಪಿ ಮಾಡಿದ್ದೀಯ?”

“ಮೂರು. ಒಂದು ಇದರೊಳಗೆ, ಒಂದು ಆ ಡಿಸ್ಕಲ್ಲಿ, ಒಂದು ಅವನ ಮನೇಲಿ.”

“ಹೂಂ. ಈಗ ಊಟಕ್ಕೆ ಬಾ” ಅಂದಳು.